ಮುಗೀತು ಅಂದ್ರೆ ಎಲ್ಲಿಗೆ ಮುಗೀತು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕೊಡಗಿನಿಂದ ಈ ಸಲ ಬಂದ ಸಾಫ್ಟ್‌ವೇರ್ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಗಂಟಿನ ಸುತ್ತ ಸುತ್ತುತ್ತಿವೆ. ಕೆಲಸ ಮುಗಿದಿದೆಯೋ ಇಲ್ಲವೋ ಅಂತ ಹೇಳಬೇಕಾದವರು ಯಾರು, ಏನನ್ನು ನೋಡಿ ಹೇಳಬೇಕು? ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಉದ್ದದ ಪತ್ರಗಳಿಗೆ ಕತ್ತರಿ ಬಿದ್ದಿದೆ.

● ಒಬ್ಬ ತೋಟದ ಮಾಲೀಕರಿಗೆ ಕಾಫಿ ಕೊಯ್ಲಿನ ತೂಕ ಬರೆದುಕೊಳ್ಳುವ ಆ್ಯಪ್ ಮಾಡಿಕೊಟ್ಟೆ. ತೂಕ ಹಾಕಿದರೆ ಕೂಲಿ ಲೆಕ್ಕ ಬರುತ್ತದೆ, ವಾರದ ಪಟ್ಟಿಯೂ ಬರುತ್ತದೆ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿದೆ. ಅವರು ‘ಇನ್ನೂ ಆಗಿಲ್ಲ’ ಅಂತಾರೆ, ಏನು ಆಗಿಲ್ಲ ಅಂತ ಬಿಡಿಸಿ ಹೇಳುವುದಿಲ್ಲ. ಕೊನೆಯ ಕಂತು ನಿಂತಿದೆ. ಯಾರದ್ದು ಸರಿ?
— ಗೋಣಿಕೊಪ್ಪ

ಇಬ್ಬರದ್ದೂ ಸರಿ ಇರಬಹುದು, ಅದೇ ತೊಂದರೆ. ಕಣದಲ್ಲಿ ಹರಡಿದ ಚೆರ್ರಿ (ಕಾಫಿ ಹಣ್ಣು) ಒಣಗಿದೆ ಎಂದು ಹೇಳುವುದು ಹೇಗೆ? ‘ಇಷ್ಟು ದಿನ ಬಿಸಿಲಿಗೆ ಹಾಕಿದ್ದೇನೆ’ ಎಂದರೆ ಯಾರೂ ಒಪ್ಪುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಅನ್ನಬೇಕು, ಮೀಟರ್ ಇಟ್ಟರೆ ರೋಬಸ್ಟಾ ಚೆರ್ರಿಯ ತೇವಾಂಶ ಶೇ. 11ಕ್ಕೆ ಬಂದಿರಬೇಕು. ಒಣಗಿಸಿದವರು ಪಕ್ಕದಲ್ಲಿ ನಿಂತಿರಬೇಕಾಗಿಯೂ ಇಲ್ಲ. ಕೊಳ್ಳಲು ಬಂದವರು ತಾವೇ ನೋಡಿಕೊಳ್ಳುತ್ತಾರೆ. ನಿಮ್ಮ ಆ್ಯಪಿಗೆ ಅಂಥ ಮೀಟರನ್ನು ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ. ನೀವು ಹಾಕಿದ ಶ್ರಮವನ್ನು ನೋಡಿ ಮುಗಿಯಿತು ಅಂತೀರಿ. ಅವರು ಸಂಜೆ ತೂಕದ ಹೊತ್ತಿನಲ್ಲಿ ಆಗುವ ರಗಳೆ ನೋಡಿ ಇಲ್ಲ ಅಂತಾರೆ.

ಈಗಲೂ ತಡವಾಗಿಲ್ಲ. ಮಾಲೀಕರ ಜೊತೆ ಮಾತ್ರ ಕೂರಬೇಡಿ, ನಿಜವಾಗಿ ಫೋನ್ ಹಿಡಿಯುವ, ತೋಟದ ಲೆಕ್ಕ ಬರೆಯುವ ರೈಟರನ್ನೂ ಕೂರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಅಂಕಿಗಳ ಸಮೇತ ಉದಾಹರಣೆ ಬರೆಯಿರಿ. ‘ಕೂಲಿ ಲೆಕ್ಕ ಸರಿ ಬರಬೇಕು’ ಅನ್ನುವುದು ಉದಾಹರಣೆ ಅಲ್ಲ. ಇದು ಉದಾಹರಣೆ: ಒಬ್ಬ ಕಾರ್ಮಿಕಳು ಎರಡು ಚೀಲ ತಂದಳು, ತೂಕ 41.3 ಮತ್ತು 39.3 ಕಿಲೋ. ಖಾಲಿ ಚೀಲಕ್ಕೆ ತಲಾ ಅರ್ಧ ಕಿಲೋ ಕಳೆದರೆ 40.8 ಮತ್ತು 38.8. ದರ ಕಿಲೋಗೆ 5 ರೂ. 50 ಪೈಸೆ ಎಂದಿಟ್ಟುಕೊಳ್ಳಿ. ಒಂದೊಂದು ಚೀಲಕ್ಕೂ ರೂಪಾಯಿಗೆ ಸರಿಹೊಂದಿಸಿದರೆ 224.40 ಹೋಗಿ 224, 213.40 ಹೋಗಿ 213, ಒಟ್ಟು 437. ದಿನದ ಮೊತ್ತಕ್ಕೆ ಒಮ್ಮೆ ಮಾತ್ರ ಸರಿಹೊಂದಿಸಿದರೆ 437.80 ಹೋಗಿ 438. ಒಂದು ರೂಪಾಯಿ ತಾನೇ ಅನ್ನಬೇಡಿ. ದಿನವೂ ಹೀಗೇ ಆದರೆ 40 ಜನಕ್ಕೆ, 60 ದಿನಕ್ಕೆ ಅದು 2,400 ರೂಪಾಯಿ; ಜಗಳಕ್ಕೆ ಅಷ್ಟು ಧಾರಾಳ ಸಾಕು. ಎರಡರಲ್ಲಿ ಯಾವ ಲೆಕ್ಕ ಎಂಬುದನ್ನು ತೋಟದವರೇ ಹೇಳಬೇಕು, ನೀವು ಊಹಿಸಬಾರದು. ಅಂದಹಾಗೆ ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಉಳಿಸಿ. ಫ್ಲೋಟ್ (ದಶಮಾಂಶ ಸಂಖ್ಯೆಯ ಮಾದರಿ) ಬಳಸಿದರೆ 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುವ ಪೇಚು ವಾರದ ಪಟ್ಟಿಯಲ್ಲಿ ಎಲ್ಲಾದರೂ ತಲೆ ಎತ್ತುತ್ತದೆ.

ಆಮೇಲೆ ನೆಟ್‌ವರ್ಕ್. ತೋಟದೊಳಗೆ ಸಿಗ್ನಲ್ ಇರುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ, ಆಫ್‌ಲೈನ್ ಮಾಡಿಯೇ ಇರುತ್ತೀರಿ. ಪೂರ್ತಿ ಸಿಗ್ನಲ್ ಇಲ್ಲದಿದ್ದರೆ ಇಂಥ ಆ್ಯಪ್ ಕೆಡುವುದು ಕಡಿಮೆ. ಅರ್ಧಂಬರ್ಧ ಇದ್ದಾಗಲೇ ಕೆಡುವುದು. ಫೋನ್ ಕಳಿಸಿದ ದಾಖಲೆ ಸರ್ವರ್‌ಗೆ ಮುಟ್ಟಿ ಬರಹವಾಗುತ್ತದೆ. ‘ಬಂತು’ ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಫೋನ್ ಮತ್ತೆ ಕಳಿಸುತ್ತದೆ. ಎರಡು ಚೀಲ ನಾಲ್ಕಾಗುತ್ತದೆ. ಪರಿಹಾರ ಹಳೆಯದೇ: ತೂಕ ಒತ್ತಿದ ಕ್ಷಣದಲ್ಲೇ ಫೋನಿನಲ್ಲಿ ಆ ದಾಖಲೆಗೊಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತಿನ ಸಂಖ್ಯೆ) ಹುಟ್ಟಿಸಿ, ಸರ್ವರ್‌ನ ಡೇಟಾಬೇಸ್‌ನಲ್ಲಿ ಅದಕ್ಕೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂಥ ತಡೆ) ಹಾಕಿ. ಎರಡನೇ ಸಲ ಬಂದರೆ ಎರರ್ ಕೊಡಬೇಡಿ, ‘ಬಂದಿದೆ’ ಎಂದೇ ಉತ್ತರಿಸಿ. ಇದನ್ನು ಪರೀಕ್ಷಿಸಲು ತೋಟಕ್ಕೆ ಹೋಗಬೇಕಾಗಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ದಾಖಲೆ ಬರೆದ ನಂತರ, ಉತ್ತರ ಕಳಿಸುವ ಮೊದಲು 20 ಸೆಕೆಂಡ್ ವಿರಾಮ ಹಾಕಿ, ಫೋನಿನ ಟೈಮ್‌ಔಟ್ 10 ಸೆಕೆಂಡ್ ಇಡಿ. ಫೋನ್ ಮತ್ತೆ ಮತ್ತೆ ಕಳಿಸುತ್ತದೆ. ಪಟ್ಟಿಯಲ್ಲಿ ಒಂದೇ ಸಾಲು ಇದ್ದರೆ ಸರಿ.

ಹಾಳೆಗೆ ಇನ್ನೂ ಕೆಲವು ಸೇರಿಸಿ. ಮೂರು ದಿನ ಏರೋಪ್ಲೇನ್ ಮೋಡ್‌ನಲ್ಲಿಟ್ಟು 300 ದಾಖಲೆ ಹಾಕಿ, ನಂತರ ಒಮ್ಮೆಲೇ ಕಳಿಸಿ. ಎಣಿಕೆ 300 ಬರಬೇಕು. ಕಳಿಸುತ್ತಿರುವ ನಡುವೆ ಆ್ಯಪನ್ನು ಬಲವಂತವಾಗಿ ಮುಚ್ಚಿ. ಫೋನಿನ ದಿನಾಂಕವನ್ನು ಒಂದು ದಿನ ಮುಂದಿಟ್ಟು ತೂಕ ಹಾಕಿ ನೋಡಿ, ಕೂಲಿ ಯಾವ ದಿನಕ್ಕೆ ಬೀಳುತ್ತದೆ? ಬ್ಯಾಟರಿ ಸೇವರ್ ಹಾಕಿ ಪರದೆ ಆರಿಸಿ ರಾತ್ರಿಯಿಡೀ ಬಿಡಿ. ಆಂಡ್ರಾಯ್ಡ್ 6ರಿಂದ ಬಂದ ಡೋಜ್ ವ್ಯವಸ್ಥೆ ಹಿನ್ನೆಲೆ ಕೆಲಸವನ್ನು ತಡೆಹಿಡಿಯುತ್ತದೆ, ‘ಬೆಳಿಗ್ಗೆ ಪಟ್ಟಿ ಬಂದಿಲ್ಲ’ ಎಂಬ ದೂರು ಎಷ್ಟೋ ಸಲ ಅಲ್ಲಿಂದಲೇ ಬರುವುದು. ತಪ್ಪು ತೂಕ ಒತ್ತಿದರೆ ತಿದ್ದುವುದು ಹೇಗೆ, ತಿದ್ದಿದ ಗುರುತು ಉಳಿಯುತ್ತದೆಯೇ? ಕೊನೆಗೆ ಬಟನ್‌ಗಳು. ಹಣ್ಣಿನ ಅಂಟು ಹತ್ತಿದ ಬೆರಳು, ಮಬ್ಬುಗತ್ತಲು. ಬಟನ್ ಗಾತ್ರಕ್ಕೆ ಆಂಡ್ರಾಯ್ಡ್ ಹೇಳುವ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಇಲ್ಲಿ ಸಾಲದು.

ಹಾಳೆಗೆ ಇಬ್ಬರ ಸಹಿ ಬೀಳಲಿ. ಅದರಲ್ಲಿರುವುದೆಲ್ಲ ರೈಟರ್ ಕೈಯಲ್ಲಿ, ನೀವು ಪಕ್ಕದಲ್ಲಿಲ್ಲದಾಗ ನಡೆದರೆ ಮುಗಿಯಿತು, ಕಂತು ಕೊಡಬೇಕು. ಪರೀಕ್ಷಿಸಲು 10 ದಿನ ಎಂದು ಬರೆಯಿರಿ, ಆ ಅವಧಿಯಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿದಂತೆ ಎಂದೂ ಬರೆಯಿರಿ. ನಡುವೆ ‘ಬೋನಸ್ ಲೆಕ್ಕವೂ ಬೇಕಿತ್ತಲ್ಲ’ ಎಂದರೆ ಅದು ಬೇರೆ ಹಾಳೆ, ಬೇರೆ ದುಡ್ಡು. ಇದನ್ನು ನಗುತ್ತಲೇ ಹೇಳಬಹುದು, ಆದರೆ ಹೇಳಲೇಬೇಕು.

● ನಮ್ಮ ತಂಡದ ಒಬ್ಬ ಹುಡುಗ ಎರಡು ವಾರದಿಂದ ದಿನಾ ಬೆಳಿಗ್ಗೆ ‘ತೊಂಬತ್ತು ಪರ್ಸೆಂಟ್ ಆಗಿದೆ’ ಎನ್ನುತ್ತಾನೆ. ಸುಳ್ಳು ಹೇಳುವವನಲ್ಲ. ಏನು ಮಾಡುವುದು?
— ಕುಶಾಲನಗರ

ಅವನ ತಪ್ಪಲ್ಲ, ಪ್ರಶ್ನೆಯ ತಪ್ಪು. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೇಳಿದ್ದೆಂದು 1985ರಿಂದ ಓಡಾಡುತ್ತಿರುವ ಒಂದು ತಮಾಷೆ ಇದೆ: ಮೊದಲ ಶೇ. 90ರಷ್ಟು ಕೋಡ್ ಶೇ. 90ರಷ್ಟು ಸಮಯ ತಿನ್ನುತ್ತದೆ, ಉಳಿದ ಶೇ. 10 ಇನ್ನೊಂದು ಶೇ. 90 ತಿನ್ನುತ್ತದೆ. ಪರ್ಸೆಂಟ್ ಕೇಳುವುದನ್ನು ಇವತ್ತೇ ಬಿಡಿ. ‘ಉಳಿದದ್ದೇನು, ಒಂದೊಂದಾಗಿ ಹೇಳು’ ಎನ್ನಿ. ಎರಡು ದಿನಕ್ಕಿಂತ ದೊಡ್ಡ ತುಂಡು ಬಂದರೆ ಅಲ್ಲೇ ಒಡೆಯಿರಿ. ಪ್ರತಿ ತುಂಡಿಗೂ ಎರಡೇ ಸ್ಥಿತಿ, ಆಗಿಲ್ಲ ಅಥವಾ ಆಗಿದೆ. ಸಾಮಾನ್ಯವಾಗಿ ಇಂಥವರ ಪಟ್ಟಿಯಲ್ಲಿ ಉಳಿದಿರುವುದು ಎರರ್ ಬಂದಾಗ ಏನು, ಹಳೆಯ ಡೇಟಾ ಏನಾಗಬೇಕು, ಪರ್ಮಿಷನ್ ಯಾರಿಗೆ ಎಂಬ ಮೂರೇ ವಿಷಯ. ಮೂರಕ್ಕೂ ಉತ್ತರ ಅವನ ಬಳಿ ಇರುವುದಿಲ್ಲ, ನಿಮ್ಮ ಬಳಿ ಇರುತ್ತದೆ. ಅವನು ಕೇಳಲು ಹಿಂಜರಿಯುತ್ತಿದ್ದಾನೆ.

● ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತೇನೆ. ಪ್ರತಿ ಟಿಕೆಟ್‌ನಲ್ಲಿ (ಒಂದು ಕೆಲಸದ ಚೀಟಿ) ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಇರುತ್ತದೆ, ತಂಡಕ್ಕೊಂದು ಡೆಫಿನಿಷನ್ ಆಫ್ ಡನ್ ಬೇರೆ ಇದೆ. ಎರಡೂ ಒಂದೇ ಅಲ್ಲವೇ?
— ಮಡಿಕೇರಿ

ಅಲ್ಲ. ಮೊದಲನೆಯದು ಆ ಒಂದು ಕೆಲಸಕ್ಕೆ: ‘ಬುಕಿಂಗ್ ರದ್ದಾದರೆ ಅತಿಥಿಗೆ ಮೆಸೇಜ್ ಹೋಗಬೇಕು’. ಎರಡನೆಯದು ತಂಡ ಮುಟ್ಟುವ ಎಲ್ಲ ಕೆಲಸಕ್ಕೂ: ಇನ್ನೊಬ್ಬರು ಕೋಡ್ ಓದಿದ್ದಾರೆ, ಆಟೊಮೇಟೆಡ್ ಟೆಸ್ಟ್ ಬರೆದಿದೆ, ಮುಖ್ಯ ಶಾಖೆಗೆ (ಎಲ್ಲರ ಕೋಡ್ ಸೇರುವ ಪ್ರತಿ) ಸೇರಿದೆ, ಬಿಡುಗಡೆಗೆ ಮುಂಚಿನ ತಾಲೀಮು ಸರ್ವರ್ ಆದ ಸ್ಟೇಜಿಂಗ್‌ನಲ್ಲಿ ಓಡಿದೆ, ಡೇಟಾಬೇಸ್ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿ ನೋಡಿಯಾಗಿದೆ. ಎರಡರಲ್ಲಿ ಒಂದು ಬಿಟ್ಟರೂ ಮುಗಿದಿಲ್ಲ. ತಂಡದ ಕೆಲಸವನ್ನು ಸಣ್ಣ ಅವಧಿಗಳಾಗಿ (ಸ್ಪ್ರಿಂಟ್) ಹಂಚುವ ಸ್ಕ್ರಮ್ ಪದ್ಧತಿಯ 2020ರ ಗೈಡ್ ಇದರಲ್ಲಿ ಬಹಳ ಕಟ್ಟುನಿಟ್ಟು. ಡೆಫಿನಿಷನ್ ಆಫ್ ಡನ್ ಮುಟ್ಟದ ಕೆಲಸವನ್ನು ಬಿಡುಗಡೆ ಮಾಡುವುದಿರಲಿ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯಾದ ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ ವಾಪಸ್ ಹೋಗಬೇಕು. ಕೈಲಾಗದವರು ‘ಡನ್’ ಪಕ್ಕದಲ್ಲಿ ‘ಡನ್ ಡನ್’ ಎಂಬ ಇನ್ನೊಂದು ಅಂಕಣ ತೆರೆಯುತ್ತಾರೆ. ಆ ಅಂಕಣ ಇದ್ದರೆ ಮೊದಲನೆಯದು ಸುಳ್ಳು ಎಂದು ತಂಡವೇ ಒಪ್ಪಿಕೊಂಡಂತೆ.

ಒಂದು ಎಚ್ಚರಿಕೆ. ಆ ಪಟ್ಟಿ 30 ಸಾಲು ದಾಟಿದರೆ ಯಾರೂ ಓದುವುದಿಲ್ಲ, ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ. ಯಂತ್ರ ನೋಡಿಕೊಳ್ಳಬಹುದಾದ ಸಾಲುಗಳನ್ನು, ಕೋಡ್ ಸೇರಿದಾಗಲೆಲ್ಲ ತಾನೇ ಪರೀಕ್ಷಿಸುವ ಸಿಐ ಪೈಪ್‌ಲೈನ್‌ಗೆ ದಾಟಿಸಿ, ಮನುಷ್ಯರೇ ನೋಡಬೇಕಾದ ಏಳೆಂಟು ಮಾತ್ರ ಉಳಿಸಿ.

● ನಮ್ಮದು ನಾಲ್ಕು ಕೋಣೆಯ ಹೋಮ್‌ಸ್ಟೇ. ಬುಕಿಂಗ್ ವೆಬ್‌ಸೈಟ್ ಮಾಡಿಸಿದ್ದೇವೆ. ಮಾಡಿದವರು ‘ಎಲ್ಲ ಆಯ್ತು’ ಎಂದು ಬಿಲ್ ಕಳಿಸಿದ್ದಾರೆ. ನನಗೆ ಕೋಡ್ ಗೊತ್ತಿಲ್ಲ. ಮುಗಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ?
— ವಿರಾಜಪೇಟೆ

ಕೋಡ್ ಗೊತ್ತಿಲ್ಲದಿರುವುದೇ ಒಳ್ಳೆಯದಾಯಿತು, ಅತಿಥಿಯ ಕಣ್ಣಿನಿಂದ ನೋಡುತ್ತೀರಿ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ, ಇಬ್ಬರು, ಎರಡು ಫೋನ್.

ಮೊದಲು ಎರಡೂ ಫೋನಿನಲ್ಲಿ ಒಂದೇ ಕೋಣೆ, ಒಂದೇ ತಾರೀಕು ಆರಿಸಿ, ಒಂದು ಎರಡು ಮೂರು ಎಣಿಸಿ ಒಟ್ಟಿಗೆ ಒತ್ತಿ. ಹತ್ತು ಸಲ ಮಾಡಿ. ಒಂದು ಸಲವಾದರೂ ಇಬ್ಬರಿಗೂ ಕೋಣೆ ಸಿಕ್ಕರೆ ಬಿಲ್ ಪಕ್ಕಕ್ಕಿಡಿ. ವಾರದ ದಿನ ಇದು ಆಗುವುದೇ ಇಲ್ಲ, ತುಲಾ ಸಂಕ್ರಮಣಕ್ಕೋ ಡಿಸೆಂಬರ್ ಕೊನೆಗೋ ಜನ ಮುಗಿಬಿದ್ದಾಗ ಖಂಡಿತ ಆಗುತ್ತದೆ. ‘ಖಾಲಿ ಇದೆಯೇ ಎಂದು ನೋಡಿ, ಆಮೇಲೆ ಬರೆ’ ಎಂದು ಎರಡು ಹೆಜ್ಜೆಯಲ್ಲಿ ಮಾಡಿರುತ್ತಾರೆ, ಆ ಎರಡು ಹೆಜ್ಜೆಯ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಈ ತಡೆ ಪರದೆಯ ಮೇಲಿದ್ದರೆ ಸಾಲದು, ಡೇಟಾಬೇಸ್‌ನಲ್ಲೇ ಇರಬೇಕು.

ಎರಡನೆಯದು ಹಣ. ಸಣ್ಣ ಮೊತ್ತ ನಿಜವಾಗಿಯೂ ಕಟ್ಟಿ. ಯುಪಿಐ ಪಿನ್ ಹಾಕಿದ ಕೂಡಲೇ ಬ್ರೌಸರ್ ಮುಚ್ಚಿಬಿಡಿ. ಹಣ ಹೋಗಿದೆ, ಸೈಟ್‌ಗೆ ವಾಪಸ್ ಬಂದಿಲ್ಲ. ಐದು ನಿಮಿಷ ಬಿಟ್ಟು ನೋಡಿ: ಬುಕಿಂಗ್ ದೃಢವಾಗಿದೆಯೇ, ಇಲ್ಲ ಕೋಣೆ ಮತ್ತೆ ಖಾಲಿ ಅಂತ ತೋರಿಸುತ್ತಿದೆಯೇ? ಪೇಮೆಂಟ್ ಗೇಟ್‌ವೇ ಹಿಂದಿನಿಂದ ಕಳಿಸುವ ವೆಬ್‌ಹುಕ್ ಸೂಚನೆಯನ್ನು ಸೈಟ್ ಓದುತ್ತಿಲ್ಲವಾದರೆ ಖಾಲಿ ತೋರಿಸುತ್ತದೆ. ಆ ಸೂಚನೆ ಕೆಲವೊಮ್ಮೆ ಎರಡು ಸಲ ಬರುತ್ತದೆ, ಆಗಲೂ ಬುಕಿಂಗ್ ಒಂದೇ ಆಗಬೇಕು. ನಂತರ ರದ್ದು ಮಾಡಿ, ಹಣ ವಾಪಸ್ ಬರುವವರೆಗೆ ಕಾಯಿರಿ. ‘ರಿಫಂಡ್ ಮಾಡಿದ್ದೇವೆ’ ಎಂಬ ಪರದೆ ಬೇರೆ, ಖಾತೆಗೆ ಬಿದ್ದ ದುಡ್ಡು ಬೇರೆ. ಹಾಗೆಯೇ ತೆರಿಗೆ ದರವನ್ನು ನೀವೇ ಬದಲಿಸುವ ಜಾಗ ಎಲ್ಲಿದೆ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಂದು ದಿನಕ್ಕೆ 7,500 ರೂ. ವರೆಗಿನ ಕೋಣೆಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ದರವನ್ನು ಕೋಡ್‌ನಲ್ಲಿ ಹುದುಗಿಸಿಟ್ಟರೆ ಇಂಥ ದಿನ ಡೆವಲಪರ್ ಫೋನ್ ಎತ್ತುವವರೆಗೆ ಬಿಲ್ ತಪ್ಪೇ.

ಮೂರನೆಯದು ಹೆಸರು ಮತ್ತು ಕನ್ನಡ. ಫಾರ್ಮ್‌ನಲ್ಲಿ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಡಬ್ಬಿ ಇದ್ದರೆ ಒಂದಾಗಿಸಲು ಹೇಳಿ. ಕೊಡವರಲ್ಲಿ ಮನೆತನದ ಹೆಸರು ಮುಂದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರನ್ನು ಆ ಡಬ್ಬಿಗಳಿಗೆ ತುಂಬಿದರೆ ಸೈಟ್ ‘ಪ್ರಿಯ ಕೊಡಂದೇರ’ ಎಂದು ಸ್ವಾಗತಿಸುತ್ತದೆ. ಮೆಸೇಜ್ ಕನ್ನಡದಲ್ಲಿ ಹೋಗುವುದಾದರೆ ಉದ್ದ ನೋಡಿ: ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಸ್ಥಾನ, ಕನ್ನಡಕ್ಕೆ 70 ಮಾತ್ರ. ಕಾಗುಣಿತದ ಗುರುತೂ ಒತ್ತಕ್ಷರವೂ ಬೇರೆ ಬೇರೆ ಸ್ಥಾನ ತಿನ್ನುತ್ತವೆ. ‘ನಿಮ್ಮ ಕೋಣೆ ಕಾದಿರಿಸಲಾಗಿದೆ’ ಮೂರೇ ಪದ, 24 ಸ್ಥಾನ. ಅದಕ್ಕೆ ತಾರೀಕು, ದಾರಿ, ಫೋನ್ ಸೇರಿದರೆ ಎರಡು ಮೂರು ಮೆಸೇಜ್ ದುಡ್ಡು. ಮೆಸೇಜಿನ ಮಾದರಿ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಹೋಗುವುದೇ ಇಲ್ಲ. ನೋಂದಣಿ ನಿಮ್ಮ ಹೆಸರಿನಲ್ಲಿದೆಯೇ ಎಂದು ಕೇಳಿ.

ಮುಂದಿನದನ್ನು ಡೆವಲಪರ್‌ಗೇ ಓದಿಸಿ. ‘ಮಡಿಕೇರಿ’ ಕಣ್ಣಿಗೆ ನಾಲ್ಕಕ್ಷರ, ಯುನಿಕೋಡ್‌ನಲ್ಲಿ 7 ಕೋಡ್, ಯುಟಿಎಫ್-8ರಲ್ಲಿ 21 ಬೈಟ್. ‘ಕೇ’ಯ ದೀರ್ಘವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ತದ್ರೂಪು. ಉಳಿಸುವ ಮೊದಲೂ ಹುಡುಕುವ ಮೊದಲೂ ಯುನಿಕೋಡ್ ಗೊತ್ತುಮಾಡಿದ ಒಂದೇ ರೂಪವಾದ ಎನ್‌ಎಫ್‌ಸಿಗೆ ತರದಿದ್ದರೆ ಹುಡುಕಾಟದಲ್ಲಿ ಅರ್ಧ ಅತಿಥಿಗಳು ಸಿಗುವುದಿಲ್ಲ.

ಕೊನೆಗೆ ಯಜಮಾನಿಕೆ. ಡೊಮೇನ್ ಯಾರ ಹೆಸರಿನಲ್ಲಿದೆ, ಹೋಸ್ಟಿಂಗ್‌ಗೆ ಯಾರ ಕಾರ್ಡ್, ಗೇಟ್‌ವೇ ಕೆವೈಸಿ ಯಾರದ್ದು, ಸೋರ್ಸ್ ಕೋಡ್ ಎಲ್ಲಿದೆ? ನಾಲ್ಕೂ ನಿಮ್ಮ ಇಮೇಲ್‌ಗೆ ಬಂದು, ನೀವೇ ಒಳಗೆ ಹೋಗಿ ಪಾಸ್‌ವರ್ಡ್ ಬದಲಿಸಿದ ಮೇಲೆ ಬಿಲ್. ಬ್ಯಾಕಪ್ ಇದೆ ಎಂದರೆ ‘ನಿನ್ನೆಯದನ್ನು ಈಗ ಬೇರೆ ಕಡೆ ತೆರೆದು ತೋರಿಸಿ’ ಎನ್ನಿ. 2017ರ ಜನವರಿ 31ರಂದು ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ಅಳಿಸಿಹೋದಾಗ ಬ್ಯಾಕಪ್ ಇರಬೇಕಿದ್ದ ಬಕೆಟ್ (ಆನ್‌ಲೈನ್ ಸಂಗ್ರಹ) ಖಾಲಿ ಇತ್ತು. ಬ್ಯಾಕಪ್ ಉಪಕರಣದ ಆವೃತ್ತಿ ಹೊಂದದೆ ಅದು ಸೋಲುತ್ತಿತ್ತು, ಸೋತಿದೆ ಎಂಬ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯಿಂದ ಉಳಿದುಕೊಂಡರು. ಆ ದಿನದ ಟಿಪ್ಪಣಿಯನ್ನೂ ಕಾರಣಗಳನ್ನೂ ಅವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು, ಅದಕ್ಕೇ ನಮಗೆ ಇಷ್ಟು ಗೊತ್ತು.

● ಅಂತಿಮ ವರ್ಷದ ಪ್ರಾಜೆಕ್ಟ್. ಟೆಸ್ಟ್‌ಗಳೆಲ್ಲ ಹಸಿರು, ಕವರೇಜ್ 100. ಮುಗಿದಿದೆ ಎನ್ನಬಹುದೇ?
— ಪೊನ್ನಂಪೇಟೆ

ಕವರೇಜ್ ಹೇಳುವುದು ಯಾವ ಸಾಲು ಓಡಿತು ಎಂಬುದನ್ನು; ಓಡಿ ಸರಿಯಾದದ್ದನ್ನೇ ಮಾಡಿತೇ ಎಂಬುದನ್ನಲ್ಲ. ‘ತೇವಾಂಶ 11ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು’ ಎಂಬ ಒಂದು ಫಂಕ್ಷನ್ ತೆಗೆದುಕೊಳ್ಳಿ. 15 ಕೊಟ್ಟು ಒಂದು ಟೆಸ್ಟ್, 8 ಕೊಟ್ಟು ಒಂದು ಟೆಸ್ಟ್, ಕವರೇಜ್ 100. ಈಗ ಕೋಡ್‌ನಲ್ಲಿ ‘11ಕ್ಕಿಂತ ಹೆಚ್ಚು’ ಇರುವಲ್ಲಿ ‘11 ಅಥವಾ ಹೆಚ್ಚು’ ಎಂದು ಬೇಕೆಂದೇ ಕೆಡಿಸಿ. ಎರಡೂ ಟೆಸ್ಟ್ ಮತ್ತೆ ಹಸಿರೇ. ಸರಿಯಾಗಿ 11 ಬಂದ ಚೀಲ ಮಾತ್ರ ವಾಪಸ್ ಹೋಗುತ್ತದೆ. ಟೆಸ್ಟ್ ಇರಬೇಕಾದದ್ದು 10.9, 11, 11.1ಕ್ಕೆ. ಖಾಲಿ, ಸೊನ್ನೆ, ಋಣ ಸಂಖ್ಯೆ, ಕನ್ನಡ ಅಂಕಿ ‘೧೧’, ಕೊನೆಯಲ್ಲೊಂದು ಶೇಕಡಾ ಚಿಹ್ನೆ, ಇವಕ್ಕೂ ಬೇಕು.

ಹೀಗೆ ಬೇಕೆಂದೇ ಕೆಡಿಸಿ ನೋಡುವುದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್, ಪೈಥಾನ್‌ಗೆ ಮ್ಯೂಟ್‌ಮ್ಯೂಟ್ ಇವೆ. ಇಡೀ ಪ್ರಾಜೆಕ್ಟ್‌ಗೆ ಓಡಿಸಿದರೆ ರಾತ್ರಿ ಕಳೆಯುತ್ತದೆ, ಹಣ ಮತ್ತು ತೂಕ ಮುಟ್ಟುವ ಫೈಲ್‌ಗಳಿಗೆ ಮಾತ್ರ ಓಡಿಸಿ. ಇನ್ನೊಂದು ಸುಲಭದ ಪರೀಕ್ಷೆ: ಸಹಪಾಠಿಯ ಲ್ಯಾಪ್‌ಟಾಪ್‌ನಲ್ಲಿ, ನೀವು ಬಾಯಿ ಬಿಡದೆ, ರೀಡ್‌ಮಿ ಒಂದನ್ನೇ ನೋಡಿಕೊಂಡು ಅವರು ಅರ್ಧ ಗಂಟೆಯಲ್ಲಿ ಪ್ರಾಜೆಕ್ಟ್ ಓಡಿಸಬೇಕು. ನಿಮ್ಮ ಯಂತ್ರದಲ್ಲಿ ಮಾತ್ರ ಇರುವ ಒಂದು ಪಾಸ್‌ವರ್ಡ್ ಫೈಲೋ ಒಂದು ಫೋಲ್ಡರೋ ಆಗ ಹೊರಬೀಳುತ್ತದೆ.

● ಕೋಡ್ ಮರ್ಜ್ ಆದ (ಮುಖ್ಯ ಕೋಡಿಗೆ ಸೇರಿದ) ಕೂಡಲೇ ನಾವು ಟಿಕೆಟ್ ಮುಚ್ಚುತ್ತೇವೆ. ಡಿಪ್ಲಾಯ್ ಮಾಡುವುದು, ಅಂದರೆ ಸರ್ವರ್‌ಗೆ ಹಾಕುವುದು, ಬೇರೆ ತಂಡ. ಇದು ತಪ್ಪೇ?
— ಸುಂಟಿಕೊಪ್ಪ

ತಪ್ಪು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿಯಲ್ಲಿ ಆದದ್ದು ಇದೇ ಸಂದಿಯಲ್ಲಿ. ಹೊಸ ಕೋಡ್ ಹೋಗಬೇಕಾಗಿದ್ದದ್ದು ಎಂಟು ಸರ್ವರ್‌ಗೆ, ಹೋದದ್ದು ಏಳಕ್ಕೆ. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆ ತಪ್ಪಿದ್ದ ಹಳೆಯ ಕೋಡ್ ಇನ್ನೂ ಕೂತಿತ್ತು. ಸಾಲದ್ದಕ್ಕೆ ಆ ಹಳೆಯ ಕೋಡನ್ನು ಎಬ್ಬಿಸುತ್ತಿದ್ದ ಫ್ಲ್ಯಾಗನ್ನೇ (ಆನ್-ಆಫ್ ಸ್ವಿಚ್ಚಿನಂಥ ಗುರುತು) ಹೊಸದಕ್ಕೂ ಮರುಬಳಕೆ ಮಾಡಿದ್ದರು. ಮಾರುಕಟ್ಟೆ ತೆರೆದ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಕೋಡ್ ಬರೆದವರ ಟಿಕೆಟ್‌ನಲ್ಲಿ ಆ ಕೆಲಸ ಮುಗಿದೇ ಇತ್ತು ಅಂದುಕೊಳ್ಳಬಹುದು.

ಆದ್ದರಿಂದ ಟಿಕೆಟ್ ತೆರೆದೇ ಇರಲಿ. ಪ್ರತಿ ಸರ್ವರ್‌ನಲ್ಲೂ ಈಗ ಓಡುತ್ತಿರುವ ಆವೃತ್ತಿ ತಿಳಿಸುವ ಒಂದು ವಿಳಾಸ ಇಡಿ, ಎಲ್ಲವೂ ಒಂದೇ ಕಮಿಟ್ ಸಂಖ್ಯೆ (ಕೋಡಿನ ಆವೃತ್ತಿಯ ಗುರುತು) ಹೇಳುತ್ತವೆಯೇ ಎಂದು ಸ್ಕ್ರಿಪ್ಟ್ ನೋಡಲಿ. ನಂತರ 24 ಗಂಟೆ ಎರರ್ ಲಾಗ್ ಗಮನಿಸಿ. ಫೀಚರ್ ಫ್ಲ್ಯಾಗ್ ಹಾಕಿದ್ದರೆ ಅದನ್ನು ಕಿತ್ತುಹಾಕುವ ಟಿಕೆಟನ್ನು ಅವತ್ತೇ ಬರೆಯಿರಿ, ತಾರೀಕು ಸಹಿತ. ‘ಆಮೇಲೆ ತೆಗೆಯೋಣ’ ಎಂದ ಫ್ಲ್ಯಾಗ್ ಉಳಿದೇ ಉಳಿಯುತ್ತದೆ.

● ತೋಟದವರಿಗಾಗಿ ಮಳೆ ಲೆಕ್ಕದ ಆ್ಯಪ್ ನಾನೇ ಬಿಡುವಿನಲ್ಲಿ ಮಾಡುತ್ತಿದ್ದೇನೆ. ಎರಡು ವರ್ಷವಾಯಿತು, ಇನ್ನೂ ಬಿಡುಗಡೆ ಮಾಡಿಲ್ಲ. ಪ್ರತಿ ಸಲ ಇನ್ನೊಂದೇನೋ ಸರಿಮಾಡಬೇಕು ಅನ್ನಿಸುತ್ತದೆ. ಎಲ್ಲಿ ನಿಲ್ಲಿಸಬೇಕು?
— ಶನಿವಾರಸಂತೆ

ಅಳತೆ ತಪ್ಪಾಗುವ ಕಡೆ ನಿಲ್ಲಿಸಬೇಡಿ, ಅಂದ ಕಡಿಮೆಯಾಗುವ ಕಡೆ ನಿಲ್ಲಿಸಿ. ನಿಮ್ಮ ಉಳಿದ ಕೆಲಸಗಳ ಪಟ್ಟಿಯನ್ನು ಈ ಎರಡು ರಾಶಿಗೆ ಹಂಚಿ.

ಮೊದಲ ರಾಶಿಯಲ್ಲಿ ಇರಬೇಕಾದವು ಇಷ್ಟು. ಕೊಡಗಿನ ತೋಟದ ಪುಸ್ತಕದಲ್ಲಿ ಮಳೆ ಇಂಚು ಮತ್ತು ಸೆಂಟ್‌ನಲ್ಲಿರುತ್ತದೆ, ಇಂಚಿಗೆ 100 ಸೆಂಟ್. ಒಂದು ಇಂಚು 25.4 ಮಿ.ಮೀ. ಯಾರೋ 37 ಸೆಂಟ್ ಬರೆದರು, ನೀವು 9.398 ಮಿ.ಮೀ.ಯನ್ನು 9 ಎಂದು ಉಳಿಸಿ ಮರಳಿ ತೋರಿಸಿದರೆ 35 ಸೆಂಟ್ ಬರುತ್ತದೆ. ತಮ್ಮ ಕೈಬರಹದ ಪುಸ್ತಕದ ಜೊತೆ ಹೋಲಿಸಿದವರು ಆ ದಿನವೇ ಆ್ಯಪ್ ತೆಗೆದುಹಾಕುತ್ತಾರೆ. ಬರೆದವರು ಯಾವ ಮಾನದಲ್ಲಿ ಬರೆದರೋ ಅದನ್ನೇ, ಮಾನದ ಹೆಸರಿನೊಂದಿಗೆ ಉಳಿಸಿ, ತೋರಿಸುವಾಗ ಮಾತ್ರ ಪರಿವರ್ತಿಸಿ. ಮಾನದ ಗೊಂದಲದಿಂದಲೇ 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಹೋಗಿ ಕಳೆದುಹೋಯಿತು. ಒಂದು ಕಡೆ ಪೌಂಡ್, ಇನ್ನೊಂದು ಕಡೆ ನ್ಯೂಟನ್.

ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಜುಲೈ 1ರ ಬೆಳಿಗ್ಗೆ ಅಳೆದದ್ದು ನಿಮ್ಮ ಆ್ಯಪಿನಲ್ಲಿ ಜೂನ್ ಮೊತ್ತಕ್ಕೋ ಜುಲೈಗೋ? ಯಾವುದಾದರೂ ಆಗಲಿ, ಪರದೆಯ ಮೇಲೆ ಬರೆದಿರಲಿ, ಎಲ್ಲ ವರದಿಯಲ್ಲೂ ಒಂದೇ ಇರಲಿ. ಸೊನ್ನೆ ಮಳೆ ಬೇರೆ, ಅಳೆಯದ ದಿನ ಬೇರೆ. ಎರಡನ್ನೂ 0 ಎಂದು ಉಳಿಸಿದರೆ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ತಿಂಗಳ ಲೆಕ್ಕ ಹಾಳು. ಅಂಕಿಯ ಡಬ್ಬಿ 9.99ಕ್ಕೆ ನಿಲ್ಲುತ್ತದೆಯೇ ನೋಡಿ. ಭಾಗಮಂಡಲದ ಕಡೆ ದಿನಕ್ಕೆ 10 ಇಂಚು ದಾಟುವುದುಂಟು. ಫೋನ್ ಹಾಳಾದರೆ ವರ್ಷಗಳ ಲೆಕ್ಕ ಹೊರತೆಗೆಯುವ ದಾರಿ ಬೇಕು, ಒಂದು ಸಿಎಸ್‌ವಿ ಫೈಲ್ ಸಾಕು.

ಗ್ರಾಫಿನ ಬಣ್ಣ, ಡಾರ್ಕ್ ಮೋಡ್, ಪಕ್ಕದ ತೋಟದ ಜೊತೆ ಹೋಲಿಕೆ, ಹವಾಮಾನ ಮುನ್ಸೂಚನೆ ಎಲ್ಲ ಎರಡನೇ ರಾಶಿ. ಅವನ್ನು ಮುಟ್ಟಬೇಡಿ. ಮೊದಲ ರಾಶಿಗೆ ನಾಲ್ಕು ವಾರ ಕೊಡಿ, ಮುಗಿದ ದಿನ ಐದು ತೋಟದವರ ಕೈಗೆ ಕೊಡಿ. ಒಂದು ತಿಂಗಳು ಅವರು ಪುಸ್ತಕ ಮತ್ತು ಆ್ಯಪ್ ಎರಡರಲ್ಲೂ ಬರೆಯಲಿ. ತಿಂಗಳ ಮೊತ್ತ ಸೆಂಟ್ ಬಿಡದೆ ಹೊಂದಿದರೆ ಪ್ಲೇ ಸ್ಟೋರ್‌ಗೆ ಹಾಕಿ. ಎರಡನೇ ರಾಶಿಯಲ್ಲಿ ಅವರು ಕೇಳಿದ್ದನ್ನು ಮಾತ್ರ ಮುಂದೆ ಮಾಡಿ. ನಮ್ಮ ಊಹೆ: ಡಾರ್ಕ್ ಮೋಡ್ ಯಾರೂ ಕೇಳುವುದಿಲ್ಲ, ಅಜ್ಜನ ಕಾಲದ ಪುಸ್ತಕದ ಅಂಕಿ ಒಳಗೆ ಹಾಕುವುದು ಹೇಗೆ ಎಂದು ಐವರೂ ಕೇಳುತ್ತಾರೆ.

● ‘ಸರಿಯಾಗಿದೆ’ ಎಂದು ಮುಚ್ಚಿದ ಬಗ್ ಮೂರು ಸಲ ವಾಪಸ್ ಬಂತು. ಪ್ರತಿ ಸಲವೂ ನನ್ನ ಯಂತ್ರದಲ್ಲಿ ಸರಿಯಾಗಿಯೇ ಇತ್ತು.
— ನಾಪೋಕ್ಲು

ಬಗ್ ನಿಮ್ಮ ಯಂತ್ರದಲ್ಲಿ ಮೊದಲು ಕಾಣಿಸಿತ್ತೇ? ಕಾಣದ್ದನ್ನು ಸರಿಮಾಡಿದ್ದೀರಿ ಎಂದಾದರೆ ಸರಿಮಾಡಿದ್ದು ಏನನ್ನು ಎಂದು ನಿಮಗೇ ಗೊತ್ತಿಲ್ಲ. ದೂರು ಕೊಟ್ಟವರಿಂದ ಫೋನ್ ಮಾದರಿ, ಆ್ಯಪ್ ಆವೃತ್ತಿ, ಒತ್ತಿದ ಬಟನ್‌ಗಳ ಕ್ರಮ, ಅವರ ಡೇಟಾ ತರಿಸಿಕೊಂಡು ಮೊದಲು ಅದನ್ನು ನಿಮ್ಮಲ್ಲಿ ಕೆಡಿಸಿ. ಆ ಕೆಡುವಿಕೆಯನ್ನೇ ಒಂದು ಟೆಸ್ಟ್ ಆಗಿ ಬರೆದು, ಕೆಂಪು ಬರುವುದನ್ನು ನೋಡಿ, ಆಮೇಲೆ ಕೋಡ್ ಮುಟ್ಟಿ. ಸರಿಮಾಡಿದವರು ಟಿಕೆಟನ್ನು ‘ಪರೀಕ್ಷೆಗೆ ಸಿದ್ಧ’ ಎಂದಷ್ಟೇ ಮಾಡಲಿ, ಮುಚ್ಚುವುದು ದೂರು ಕೊಟ್ಟವರು. ಅವರು ಏಳು ದಿನ ಉತ್ತರಿಸದಿದ್ದರೆ ಮುಚ್ಚಿ, ಆದರೆ ‘ಉತ್ತರವಿಲ್ಲದೆ ಮುಚ್ಚಿದೆ’ ಎಂದು ಬರೆಯಿರಿ. ‘ಸರಿಯಾಗಿದೆ’ ಎಂದು ಬರೆಯಬೇಡಿ.